ಕೋರಾಲಿಯ ಅಭಿಮಾನಿ ಸುಗುಣಕ್ಕ

ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿರುವ ತುಳುವರ ಬಾಯಲ್ಲಿ ಸುಗುಣಕ್ಕ ಎಂದರೆ ಗೋಳಿಬಜೆ. ಯಾರ ಮನೆಯಲ್ಲಿ ಪೂಜೆಯಿರಲಿ, ಬರ್ತ್‌ಡೇ ಇರಲಿ, ಎಣ್ಣೆ ಬಾಣಲೆಯ ಎದುರು ನಿಲ್ಲುವವಳು ಅವಳೇ. ಹಾಗೆ ನಿಂತವಳ ತುಟಿ ಮೆಲ್ಲಗೆ ಅಲ್ಲಾಡುವುದನ್ನು ಕಂಡವರು ದೇವರ ನಾಮ ಹೇಳಿಕೊಳ್ಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಪಾಪ, ಅವರಿಗೇನು ಗೊತ್ತು. ಅವಳು ಗುನುಗುತ್ತಿದ್ದುದು ಕೋರಾಲಿ ಟಿಬ್ಸ್‌ಳ ಹಾಡು. ಕೋರಾಲಿ ಅಮೆರಿಕದ ಅಲಬಾಮದ ಕಡೆಯ ಕಪ್ಪು ಹೆಂಗಸು, ಅಲ್ಲಿನ ಹಳ್ಳಿಗಾಡಿನ ಕಂಟ್ರಿ ಸಂಗೀತದ ಗಾಯಕಿ, ಸುಗುಣಾಳ ಮನಸ್ಸಿನಲ್ಲಿ ಒಡಹುಟ್ಟಿದವಳಂತೆ ಮನೆ ಮಾಡಿಕೊಂಡವಳು.

ಇದು ಶುರುವಾದದ್ದು ಕಾರಿನಿಂದ. ಐವತ್ತರ ಹತ್ತಿರ ಬಂದ ಮೇಲೆ ಡ್ರೈವಿಂಗ್ ಕಲಿತ ಸುಗುಣಾಳಿಗೆ ಗಂಡ ಮೋಹನದಾಸ ಯಾರೋ ಮುದುಕರ ಹಳೆಯ ಕಾರೊಂದನ್ನು ಕೊಡಿಸಿದ. ಅದರ ರೇಡಿಯೊ ಸದಾ ಒಂದೇ ಸ್ಟೇಷನ್ ಹಾಡುತ್ತಿತ್ತು, ಕಂಟ್ರಿ ಹಾಡುಗಳದು. ಬದಲಾಯಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಬದಲಾಯಿಸುವ ಮನಸ್ಸು ಇರಲಿಲ್ಲ. ಬ್ಲ್ಯಾಕ್‌ಟೌನ್‌ನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಏಜ್ಡ್ ಕೇರ್ ಒಂದರ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ಬೆಳಕು ಹರಿಯುವ ಮೊದಲೇ ಹೊರಡಬೇಕು. ಖಾಲಿ ರಸ್ತೆ, ಮಂಜು, ಮಂಜಿನೊಳಗೆ ಒಂದೊಂದಾಗಿ ಮೂಡುವ ಸಿಗ್ನಲ್ ದೀಪಗಳು, ನಡುವೆ ಮಣ್ಣಿನ ರಸ್ತೆಯ ಬಗ್ಗೆ, ಮುರಿದ ಮನಸ್ಸಿನ ಬಗ್ಗೆ, ಕುದುರೆಯ ಬಗ್ಗೆ ಯಾರದೋ ಹಾಡು. ಅರ್ಧ ಮಾತು ತಿಳಿಯದಿದ್ದರೂ ಅವಳಿಗೆ ಸುಖವೆನಿಸುತ್ತಿತ್ತು. ಹಾಡುವವರೆಲ್ಲ ಹ್ಯಾಟು ಹಾಕಿದ ಬಿಳಿಯರೆಂದೇ ಅವಳ ಲೆಕ್ಕ.

ಒಂದು ಬೆಳಿಗ್ಗೆ ಆ ದನಿ ಬಂತು. ಬೇರೆಯವರ ಮನೆಯ ಬಟ್ಟೆಗೆ ಇಸ್ತ್ರಿ ಹಾಕುವ ತಾಯಿಯ ಹಾಡು. ಮೇಲಿನ ಸ್ವರದಲ್ಲಿ ನಿಂತು ಅಲ್ಲಿಂದ ಇಳಿಯಲೊಲ್ಲದ ಕಂಠ. ಸುಗುಣಾ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ಅಂದು ಕೆಲಸಕ್ಕೆ ತಡವಾಯಿತು.

ಸಂಜೆ ಮಗಳು ವಿಜೇತಾ ಫೋನಿನಲ್ಲಿ ಹುಡುಕಿ ಫೋಟೋ ತೋರಿಸಿದಳು. ಜಗಲಿಯ ಮೆಟ್ಟಿಲ ಮೇಲೆ ಕೂತ ಕಪ್ಪು ಹೆಂಗಸು, ಮಡಿಲಲ್ಲಿ ಬ್ಯಾಂಜೊ.

"ಶೀ ಈಸ್ ಬ್ಲ್ಯಾಕ್, ಅಮ್ಮ. ಪೀಪಲ್ ಕೀಪ್ ಟೆಲ್ಲಿಂಗ್ ಹರ್, ಇದು ನಿನ್ನ ಮ್ಯೂಸಿಕ್ ಅಲ್ಲ ಅಂತ."

"ಯಾರಂತೆ ಹಾಗೆ ಹೇಳುವುದು?" ಎಂದು ಸುಗುಣಾ ಕೇಳಿದ ರೀತಿಗೆ ವಿಜೇತಾ ಫೋನಿನಿಂದ ಕಣ್ಣೆತ್ತಿ ನೋಡಿದಳು.

ಅಲ್ಲಿಂದ ಹಿಡಿದದ್ದು ಹುಚ್ಚೇ ಸರಿ. ಕಂಟ್ರಿ ಹಾಡುವ ಕಪ್ಪು ಹೆಂಗಸರು ಇನ್ನೂ ಯಾರ್ಯಾರಿದ್ದಾರೆಂದು ಹುಡುಕಿ ಹುಡುಕಿ ಕೇಳಿದಳು. ಬ್ಯಾಂಜೊ ಎಂಬ ವಾದ್ಯದ ಬೇರು ಆಫ್ರಿಕದ್ದು, ಗುಲಾಮರಾಗಿ ಹೋದವರ ಜೊತೆಗೆ ಅದು ಅಮೆರಿಕ ಸೇರಿತು ಎಂದು ತಿಳಿದ ದಿನ ಅವಳಿಗೆ ಊಟ ಸೇರಲಿಲ್ಲ. ವಾದ್ಯ ತಂದವರಿಗೇ ಹಾಡು ನಿಮ್ಮದಲ್ಲ ಎನ್ನುವುದೇ? ಕಂಡಕಂಡವರಿಗೆಲ್ಲ ಇದನ್ನು ಹೇಳಿದಳು. ಜೊತೆಗೆ ಕೆಲಸ ಮಾಡುವ ಸೌತ್ ಸುಡಾನಿನ ಅಚೋಲ್‌ಗೆ ಖುಷಿಯಾದೀತೆಂದು ಓಡಿಹೋಗಿ ಹೇಳಿದರೆ, ಅಚೋಲ್ ಕ್ಯಾರೆಟ್ ಹೆಚ್ಚುತ್ತ, "ಕಂಟ್ರಿಯಾ? ನನಗೆ ನಿದ್ದೆ ಬರುತ್ತೆ, ಸು" ಎಂದು ನಕ್ಕಳು. ಸುಗುಣಾ ಜಗ್ಗಲಿಲ್ಲ. ಮರುದಿನ ಇನ್ನೊಂದು ಹಾಡು ಕೇಳಿಸಿದಳು.

ಇಷ್ಟು ಹಚ್ಚಿಕೊಳ್ಳಲು ಅವಳಿಗೆ ಅವಳದೇ ಕಾರಣವಿತ್ತು. ಉಡುಪಿಯ ಹತ್ತಿರದ ಅವಳ ತವರಿನಲ್ಲಿ ಭಾಗವತರೊಬ್ಬರು ಬಂದು ಅವಳ ಅಣ್ಣನಿಗೆ ಯಕ್ಷಗಾನದ ಪದ್ಯ ಹೇಳಿಕೊಡುತ್ತಿದ್ದರು. ಅಣ್ಣನ ಕಿವಿಗೆ ಹೋದದ್ದೆಲ್ಲ ಹೊರಗೆ ಹೋಯಿತು. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ತಂಗಿಯ ಕಿವಿಗೆ ಬಿದ್ದದ್ದು ಅಲ್ಲೇ ಉಳಿಯಿತು. ಯಕ್ಷಗಾನದ ಆಟದಲ್ಲಿ, ಪದ್ಯ ಹಾಡಿ ಕಥೆ ನಡೆಸುವ ಭಾಗವತರಾಗಿ ಹಾಡಬೇಕೆಂದು ಅವಳಿಗೆ ಆಸೆ. ಬಾಯಿಬಿಟ್ಟು ಹೇಳಿದ್ದು ಮಾತ್ರ ಈ ವರ್ಷವೇ, ಅದೂ ಕೋರಾಲಿಯ ಹಾಡು ಕೇಳಿದ ಮೇಲೆ.

ಸಿಡ್ನಿಯ ಇವರ ಬಳಗ ವರ್ಷಕ್ಕೊಮ್ಮೆ ಬ್ಲ್ಯಾಕ್‌ಟೌನ್‌ನ ಹಾಲ್‌ನಲ್ಲಿ ಒಂದು ಆಟ ಆಡುತ್ತದೆ. ಮೋಹನದಾಸ ಮದ್ದಳೆಗಾರ. ತಾಲೀಮು ಅವನದೇ ಗ್ಯಾರೇಜಿನಲ್ಲಿ. ಹಾಡುತ್ತಿದ್ದ ವಿಜಯಣ್ಣನಿಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಿ ಹೊರಟುಹೋದ ಮೇಲೆ ಬಳಗಕ್ಕೆ ಭಾಗವತರಿಲ್ಲದಂತಾಯಿತು. "ನಾನು ಹಾಡಿ ನೋಡ್ಲಾ?" ಎಂದಳು ಸುಗುಣಾ. ಬಳಗದ ಮುಂದಾಳು ಯತೀಶ್ ಒಳ್ಳೆಯ ಹುಡುಗ, ನೋಡುವ ಎಂದ. ಮದ್ದಳೆ ವಿಜಯಣ್ಣನ ಶ್ರುತಿಯಲ್ಲಿತ್ತು. ಅದಕ್ಕೆ ಹೊಂದಿಸಿಕೊಂಡು ಅವಳು ತೀರಾ ಕೆಳಗಿನಿಂದ ಎತ್ತಿದಳು. ಚೆಂಡೆ ಶುರುವಾದದ್ದೇ ಅವಳ ದನಿ ಎಲ್ಲಿ ಹೋಯಿತೋ ಯಾರಿಗೂ ಕೇಳಲಿಲ್ಲ.

"ಅಕ್ಕ, ಬೇಜಾರು ಮಾಡ್ಬೇಡಿ. ಹೆಂಗಸರ ಸ್ವರ ಆಟಕ್ಕೆ ಏರುವುದಿಲ್ಲ," ಎಂದ ಯತೀಶ್. "ರೆಕಾರ್ಡಿಂಗ್ ಹಾಕಿಯೇ ಆಡುವ ಈ ಸಲ."

ಮೋಹನದಾಸ ಮದ್ದಳೆಗೆ ಬಟ್ಟೆ ಮುಚ್ಚಿದ. ಅವಳು ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ತುಂಬ ನೋವಾಗಿತ್ತು. ತನ್ನ ಕಂಠವೇ ಅಷ್ಟು ಎಂದು ನಂಬಿಬಿಟ್ಟದ್ದು ಅದಕ್ಕಿಂತ ಹೆಚ್ಚಿನ ನೋವು.

ಅದೇ ವಾರ ರೇಡಿಯೊದಲ್ಲಿ ಸುದ್ದಿ. ಕೋರಾಲಿ ಟಿಬ್ಸ್ ಮೊದಲ ಬಾರಿಗೆ ಆಸ್ಟ್ರೇಲಿಯಕ್ಕೆ ಬರುತ್ತಿದ್ದಾಳೆ, ಮೆಲ್ಬರ್ನ್‌ನಲ್ಲಿ ಒಂದೇ ಒಂದು ಶೋ. ವಿಜೇತಾ ಟಿಕೆಟ್ ಬುಕ್ ಮಾಡಿಕೊಟ್ಟಳು. ವಿಮಾನದಲ್ಲಿ ಹೋಗು ಎಂದರೆ ಸುಗುಣಾ ಹಗಲಿನ ರೈಲೇ ಬೇಕೆಂದು ಹಟ ಹಿಡಿದಳು. ಹಾಡಿನಲ್ಲಿ ಬರುವುದನ್ನೆಲ್ಲ ಕಿಟಕಿಯಲ್ಲಿ ನೋಡಬೇಕಂತೆ.

ನೋಡಿದಳು ಕೂಡ. ಗೋಲ್ಬರ್ನ್ ದಾಟಿದ ಮೇಲೆ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿ ಆಕಾಶದವರೆಗೂ ಹೋಯಿತು. ಕುರಿಗಳು, ತಂತಿಬೇಲಿ, ಒಂಟಿ ನೀರಿನ ಟ್ಯಾಂಕು, ಯಾರೂ ಹತ್ತದ ಇಳಿಯದ ಪುಟ್ಟ ಸ್ಟೇಷನ್ನು. ಕಿವಿಯಲ್ಲಿ ಕೋರಾಲಿ. ಅರೆನಿದ್ದೆಯಲ್ಲಿ ಸುಗುಣಾಳಿಗೆ ಆ ಬಯಲಿನ ಅಂಚಿನಲ್ಲಿ ಒಂದು ಜಗಲಿ ಕಂಡಿತು. ಅಲ್ಲಿ ಬ್ಯಾಂಜೊ ಹಿಡಿದವರು, ಇಸ್ತ್ರಿ ಹಾಕುವವರು, ಕೂಲಿಗೆ ಬೀಡಿ ಸುರುಟುತ್ತ ಕೂತ ತನ್ನ ಅಮ್ಮ, ಎಲ್ಲರೂ ಸಾಲಾಗಿ ಕೂತು ಒಂದೇ ಹಾಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಅವಳ ಸರದಿ ಬರುವಷ್ಟರಲ್ಲಿ ಆಲ್ಬರಿ ಸ್ಟೇಷನ್ ಬಂತು, ಎಚ್ಚರವಾಯಿತು.

ರಾತ್ರಿ ಉಳಿದದ್ದು ಡ್ಯಾಂಡಿನಾಂಗ್‌ನಲ್ಲಿ, ಅಕ್ಕನ ಮಗ ರೋಶನ್‌ನ ಮನೆಯಲ್ಲಿ. ಮರುದಿನ ಮಧ್ಯಾಹ್ನವೇ ಅವಳು ಉಡುಪಿ ಸೀರೆ ಉಟ್ಟು, ಚಕ್ಕುಲಿಯ ಡಬ್ಬಿ ಹಿಡಿದು ಹೊರಟು ನಿಂತಳು.

"ಚಿಕ್ಕಮ್ಮ, ಶೋ ಇರುವುದು ಸಂಜೆ," ಎಂದ ರೋಶನ್.

"ಗೊತ್ತುಂಟು ಮಾರಾಯ. ಚೌಕಿಗೆ ಹೋಗಿ ನೋಡದೆ ಆಟ ನೋಡುವುದುಂಟಾ?"

ಕರಾವಳಿಯ ಕಡೆ ಆಟ ನೋಡಲು ಹೋದವರು ಮೊದಲು ಹೋಗುವುದು ಚೌಕಿಗೆ. ವೇಷ ಕಟ್ಟುವ ಆ ಜಾಗಕ್ಕೆ ಯಾರು ಬೇಕಾದರೂ ಹೋಗಬಹುದು. ಬಣ್ಣ ಹಚ್ಚಿಕೊಳ್ಳುವುದನ್ನು ನೋಡಿ, ದೇವರಿಗೆ ಕೈಮುಗಿದು, ಕಲಾವಿದರನ್ನು ಮಾತಾಡಿಸಿ ಬರಬಹುದು. ಮೆಲ್ಬರ್ನ್‌ನಲ್ಲೂ ಅದು ಹಾಗೆಯೇ ಎಂದು ಸುಗುಣಾ ತಿಳಿದಿದ್ದಳು. ಬ್ರನ್ಸ್‌ವಿಕ್‌ನ ಆ ಹಳೆಯ ಹಾಲ್‌ನ ಪಕ್ಕದ ಬಾಗಿಲು ತೆರೆದಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋದಳು.

ಕಿವಿಗೆ ಮೈಕು ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಡಬ್ಬಿ ನೋಡಿ, "ಕೇಟರಿಂಗ್? ಅಲ್ಲಿ ಇಡಿ," ಎಂದು ಮೇಜು ತೋರಿಸಿ ಓಡಿದಳು. ಸುಗುಣಾ ಇಟ್ಟಳು. ಇಟ್ಟು ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತಳು. ಎದುರಿನ ವೇದಿಕೆಯ ಮೇಲೆ, ಹಳೆಯ ಟೀಶರ್ಟ್ ತೊಟ್ಟು, ಕನ್ನಡಕವನ್ನು ತಲೆಗೇರಿಸಿಕೊಂಡು ನಿಂತಿದ್ದವಳು ಕೋರಾಲಿ. ಫೋಟೋದಲ್ಲಿ ಕಂಡದ್ದಕ್ಕಿಂತ ಕುಳ್ಳಿ. ಮಂಡಿ ನೋವಿರಬೇಕು, ಒಂದು ಕಾಲಿಗೆ ಭಾರ ಬಿಟ್ಟು ನಿಂತಿದ್ದಳು.

ವಾದ್ಯದವರು ಶುರು ಮಾಡಿದರು. ಅದೇ ಇಸ್ತ್ರಿಯ ಹಾಡು. ಕೋರಾಲಿ ಒಂದು ಸಾಲು ಹಾಡಿ ಕೈಯೆತ್ತಿ ನಿಲ್ಲಿಸಿದಳು.

"ಶ್ರುತಿ ಕೆಳಗಾಯಿತು. ಕಳೆದ ವಾರ ನನಗೆ ನೆಗಡಿ ಇತ್ತು ಅಂತ ಇಳಿಸಿದ್ದು. ಈಗ ಮೇಲೆ ಬನ್ನಿ."

ಫಿಡಲ್ ಹಿಡಿದಿದ್ದ ಬಿಳಿಗಡ್ಡದ ಮುದುಕ ಗೊಣಗಿದ. ಇದು ಹಳೆಯ ತಂತಿ, ಇನ್ನೂ ಬಿಗಿದರೆ ಹರಿಯುತ್ತದೆ ಎಂದ.

"ಹರಿದರೆ ಇನ್ನೊಂದು ಹಾಕೋಣ," ಎಂದಳು ಕೋರಾಲಿ.

ಆಮೇಲೆ ಅವಳು ಮಾಡಿದ್ದು ಇಷ್ಟೇ: ಕಾದಳು. ಸಿಟ್ಟು ಮಾಡಲಿಲ್ಲ, ಕ್ಷಮೆ ಕೇಳಲಿಲ್ಲ, ಇರಲಿ ಬಿಡಿ ಎನ್ನಲಿಲ್ಲ. ಮುದುಕ ಬಿರಡೆ ತಿರುಗಿಸಿದ, ಬ್ಯಾಂಜೊದವ ಒಂದೊಂದೇ ತಂತಿ ಮೀಟಿ ನೋಡಿದ, ಅವಳು ನೀರು ಕುಡಿಯುತ್ತ ನಿಂತಿದ್ದಳು. ಎಲ್ಲ ವಾದ್ಯಗಳೂ ಅವಳಿದ್ದಲ್ಲಿಗೆ ಬಂದು ಸೇರಿದ ಮೇಲೆ ಬಾಯಿ ತೆರೆದಳು. ರೇಡಿಯೊದಲ್ಲಿ ಕೇಳಿ ಸುಗುಣಾ ಕಾರು ನಿಲ್ಲಿಸಿದ್ದಳಲ್ಲ, ಆ ಸ್ವರ ಆ ಖಾಲಿ ಹಾಲ್‌ನ ಸೂರಿಗೆ ತಾಗಿ ಹಿಂದೆ ಬಂತು.

ಸುಗುಣಾಳಿಗೆ ಗ್ಯಾರೇಜು ನೆನಪಾಯಿತು. ಅಂದು ಮದ್ದಳೆ ಇದ್ದಲ್ಲಿಗೆ ತಾನೇ ಇಳಿದು ಹೋಗಿದ್ದೆ ಎಂದು ಈಗ ಹೊಳೆಯಿತು. ಮದ್ದಳೆಯನ್ನು ಏರಿಸುವ ಮಾತನ್ನು ಯಾರೂ ಆಡಲಿಲ್ಲ. ತಾನೂ ಆಡಲಿಲ್ಲ.

ಹಾಡು ಮುಗಿಸಿ ಬಂದ ಕೋರಾಲಿ ಡಬ್ಬಿ ತೆರೆದು ಚಕ್ಕುಲಿಯೊಂದನ್ನು ಕಟಕ್ಕನೆ ಮುರಿದಳು. "ಯಾರು ಮಾಡಿದ್ದು ಇದು?" ಎಂದು ಕೇಳಿದಳು. ಸುಗುಣಾ ಶಾಲೆಯ ಮಗುವಿನ ಹಾಗೆ ಕೈಯೆತ್ತಿದಳು. ಮೈಕಿನ ಹುಡುಗಿಗೆ ಆಗ ಎಚ್ಚರವಾಯಿತು, ಕೇಟರಿಂಗ್‌ನವರು ಇನ್ನೂ ಬಂದೇ ಇಲ್ಲ ಎಂದು. ಹೇಳಬೇಕೆಂದು ಸುಗುಣಾ ರೈಲಿನಲ್ಲಿ ಇಂಗ್ಲಿಷ್‌ನಲ್ಲಿ ಎಷ್ಟೋ ವಾಕ್ಯಗಳನ್ನು ಉರುಹೊಡೆದಿದ್ದಳು. ಬ್ಯಾಂಜೊದ ವಿಷಯ, ಅಮ್ಮನ ಬೀಡಿಯ ವಿಷಯ. ಬಾಯಿಂದ ಬಂದದ್ದು, "ರೈಸ್ ಫ್ಲೌರ್. ನೋ ಎಗ್."

ಕೋರಾಲಿ ಜೋರಾಗಿ ನಕ್ಕು ಇನ್ನೊಂದು ಚಕ್ಕುಲಿ ತೆಗೆದುಕೊಂಡಳು. ಹುಡುಗಿ ಸುಗುಣಾಳನ್ನು ಮರ್ಯಾದೆಯಿಂದಲೇ ಹೊರಗೆ ಕರೆದುಕೊಂಡು ಹೋಗಿ, ಚಪ್ಪಲಿಯನ್ನೂ ತಂದುಕೊಟ್ಟಳು. ಸಂಜೆಯ ಶೋ ಹೇಗಿತ್ತೆಂದು ಆಮೇಲೆ ಯಾರು ಕೇಳಿದರೂ ಅವಳಿಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ಕೂತಿದ್ದೆ ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸು ಎರಡು ಹಾಡು ಮುಗಿದ ಮೇಲೆ ಒಂದು ಟಿಶ್ಯೂ ಕೊಟ್ಟಳಂತೆ.

ಭಾನುವಾರ ಗ್ಯಾರೇಜಿನಲ್ಲಿ ತಾಲೀಮು. ಯತೀಶ್ ಲ್ಯಾಪ್‌ಟಾಪಿಗೆ ಸ್ಪೀಕರ್ ಜೋಡಿಸುತ್ತಿದ್ದ. ಸುಗುಣಾ ಟೀ ತಟ್ಟೆಯನ್ನು ಕಿಟಕಿಯ ಮೇಲಿಟ್ಟು, ಹಿಂದೆ ವಿಜಯಣ್ಣ ಕೂರುತ್ತಿದ್ದ ನಡುವಿನ ಜಾಗದಲ್ಲಿ ಹೋಗಿ ಕೂತಳು.

"ಆ ಟೇಪು ಬೇಡ ಯತೀಶ. ನಾನು ಹಾಡ್ತೇನೆ."

"ಅಕ್ಕ, ಮೊನ್ನೆ ನೋಡಿದ್ದೇ ಅಲ್ವಾ..."

"ಮೊನ್ನೆ ಹಾಡಿದ್ದು ವಿಜಯಣ್ಣನ ಶ್ರುತಿಯಲ್ಲಿ. ನನ್ನದರಲ್ಲಿ ಇನ್ನೂ ಹಾಡಲಿಲ್ಲ."

ಫೋನಿನಲ್ಲಿ ತನ್ನ ಶ್ರುತಿ ಹಿಡಿದು ಮುಂದಿಟ್ಟಳು. ಚೆಂಡೆಯವನು ಮೋಹನದಾಸನ ಮುಖ ನೋಡಿದ. ಮೋಹನದಾಸ ಸಣ್ಣ ಸುತ್ತಿಗೆ ತೆಗೆದು ಮದ್ದಳೆಯ ಅಂಚಿಗೆ ತಟ್ಟತೊಡಗಿದ. ತಟ್ಟುವುದು, ಬೆರಳಿನಿಂದ ನುಡಿಸುವುದು, ಮತ್ತೆ ತಟ್ಟುವುದು. ಸ್ವರ ಮೆಲ್ಲಮೆಲ್ಲನೆ ಏರಿತು. ಇನ್ನೇನು ಸ್ವಲ್ಪ ಉಳಿಯಿತು ಎನ್ನುವಾಗ ಅವನ ಕೈ ನಿಂತಿತು. ಊರಿನಿಂದ ತಂದ ಮದ್ದಳೆ, ಏರ್‌ಪೋರ್ಟಿನಲ್ಲಿ ಚರ್ಮದ ವಸ್ತುವೆಂದು ಎಷ್ಟೋ ದಿನ ಹಿಡಿದಿಟ್ಟುಕೊಂಡು ಕೊನೆಗೆ ಬಿಟ್ಟಿದ್ದು. ಅದರ ಮೇಲೆ ಅವನಿಗೆ ಜೀವ.

"ನೀನು ಸ್ವಲ್ಪ ಇಳಿ ಮಾರಾಯ್ತಿ. ಇನ್ನು ಎಳೆದರೆ ಚರ್ಮ ಹರೀತದೆ."

ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮದುವೆಯಾದ ಲಾಗಾಯ್ತು ಅವಳು ಎಷ್ಟೋ ಸಲ ಸ್ವಲ್ಪ ಇಳಿದಿದ್ದಳು, ಅವನೂ ಅಷ್ಟೇ ಸಹಜವಾಗಿ ಕೇಳಿದ್ದ. ಇಳಿಯುವುದು ಅವಳಿಗೆ ಅಷ್ಟು ಸುಲಭವಾಗಿತ್ತು. ಈಗಲೂ ಇರಲಿ ಬಿಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲ," ಎಂದಳು ಸುಗುಣಾ. "ನೀವೇ ಬನ್ನಿ."

"ಹರಿದರೆ?"

"ಹರಿದರೆ ಊರಿಂದ ಇನ್ನೊಂದು ತರಿಸುವ."

ಸುಗುಣಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಸುಮ್ಮನೆ ಕಾದಳು. ಮೋಹನದಾಸ ಅವಳನ್ನೇ ನೋಡಿದ. ಮನೆಯಲ್ಲಿ ಕಂಡು ರೂಢಿಯಾದ ಮುಖ ಇದಲ್ಲ ಎಂಬಂತೆ ನೋಡಿದ. ಆಮೇಲೆ ತಲೆ ತಗ್ಗಿಸಿ, ಉಸಿರು ಬಿಗಿ ಹಿಡಿದು, ಸುತ್ತಿಗೆಯಿಂದ ಒಂದು ಪೆಟ್ಟು ತಟ್ಟಿದ. ಇನ್ನೊಂದು. ಕಿವಿಯನ್ನು ಮದ್ದಳೆಗೆ ತಾಗಿಸಿ ಬೆರಳು ಹಾಕಿದ.

ಸ್ವರ ಬಂದು ಅವಳ ಸ್ವರದ ಪಕ್ಕದಲ್ಲಿ ಕೂತಿತು.

ಮೋಹನದಾಸ ಮದ್ದಳೆಯನ್ನು ಮಡಿಲಿಗೆ ಸರಿಮಾಡಿಕೊಂಡು, ವಿಜಯಣ್ಣನನ್ನು ಕೇಳುತ್ತಿದ್ದ ದನಿಯಲ್ಲೇ, ಎಲ್ಲರೆದುರು ಕೇಳಿದ:

"ಯಾವುದರಿಂದ ಸುರು ಮಾಡ್ತೀರಿ, ಭಾಗವತರೇ?"

ಸುಗುಣಾ ಒಂದು ಗುಟುಕು ನೀರು ಕುಡಿದು, ಗಣಪತಿ ಸ್ತುತಿಯನ್ನು ಎತ್ತಿಕೊಂಡಳು.