ಕೊನೆಯ ಪಂಕ್ತಿಯವಳು

ಅಕ್ಕ ಇನ್ಸುಲಿನ್ ಬಿಟ್ಟಿದ್ದು ಸೂಜಿಗೆ ಹೆದರಿ ಅಲ್ಲ. ಈ ಮಾತನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಯಾರೂ ನಂಬಿಲ್ಲ. ನಂಬುವುದು ಅವರಿಗೆ ಬೇಕಾಗಿಯೂ ಇಲ್ಲ.

ನಮ್ಮ ತವರು ಚನ್ನಗಿರಿ ತಾಲ್ಲೂಕು, ಸೂಳೆಕೆರೆ ನೀರು ಹರಿಯುವ ಊರು. ಜಾಲಿ ಮುಳ್ಳು ಕಾಲಿಗೆ ಹೊಕ್ಕರೆ ತಾನೇ ಪಿನ್ನಿನಿಂದ ಬಗೆದು ತೆಗೆದು, ತುದಿಗೆ ಮುಳ್ಳು ಬಂತೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ ಹುಡುಗಿ ಅವಳು. ನನ್ನನ್ನು ಹೊನ್ನಾಳಿಗೆ ಕೊಟ್ಟರು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದೇನೆ. ಅವಳನ್ನು ಜಗಳೂರಿನ ಹತ್ತಿರದ ಹಳ್ಳಿಗೆ ಕೊಟ್ಟರು. ತುಂಬಿದ ಮನೆ. ಅವಳು ಹಿರಿಸೊಸೆ.

ಶುಗರ್ ಮಾತ್ರೆಗೆ ಬಗ್ಗದೆ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟಾಗ ಅವಳು ಒಂದೇ ಸಲಕ್ಕೆ ಚುಚ್ಚಿಕೊಳ್ಳುವುದನ್ನು ಕಲಿತಳು. "ಊಟಕ್ಕೆ ಸ್ವಲ್ಪ ಮುಂಚೆ ತಗೊಳ್ಳಿ" ಎಂದಿದ್ದರು. ಯಾರ ಊಟಕ್ಕೆ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಮನೆಯಲ್ಲಿ ಮೊದಲು ಗಂಡಸರು ಉಣ್ಣಬೇಕು, ಆಮೇಲೆ ಮಕ್ಕಳು, ಆಮೇಲೆ ಅತ್ತೆ. ಸೊಸೆಯಂದಿರ ಸರದಿ ಬರುವಷ್ಟರಲ್ಲಿ ಸಾರು ಆರಿ ತಣ್ಣಗಾಗಿರುತ್ತಿತ್ತು. ಅಕ್ಕ ಎಲ್ಲರದೂ ಮುಗಿಯುವುದನ್ನು ಕಾದು, ಚುಚ್ಚಿಕೊಂಡು ಉಣ್ಣುತ್ತಿದ್ದಳು. ಹೇಗೋ ನಡೆದಿತ್ತು.

ನ್ಯಾಮತಿಯಲ್ಲಿ ಅಕ್ಕನ ಅತ್ತೆಮನೆಯ ನೆಂಟರ ಮಗುವಿನ ನಾಮಕರಣ. ನಾನೂ ಹೋಗಿದ್ದೆ. ಅಡುಗೆ ಆಗಿದೆ, ಎಲೆ ಹಾಕುತ್ತಿದ್ದಾರೆ ಎಂದು ತಿಳಿದು, ನೆಂಟರ ಮನೆಯಲ್ಲಾದರೂ ಮೊದಲೇ ಕೂರಬಹುದೆಂದುಕೊಂಡು ಅಕ್ಕ ಒಳಗಿನ ಕೋಣೆಗೆ ಹೋಗಿ ಇನ್ಸುಲಿನ್ ತೆಗೆದುಕೊಂಡು ಬಂದಳು. ಹೊಸಿಲು ದಾಟುವಷ್ಟರಲ್ಲಿ ಅವಳ ಅತ್ತೆ ಸಾಂಬಾರಿನ ಬಕೆಟ್ಟನ್ನು ಕೈಗೆ ಕೊಟ್ಟರು.

"ಮನೇರೇ ಬಡಿಸ್ಲಿಲ್ಲ ಅಂದ್ರೆ ಬಂದೋರು ಏನ್ ಅಂದ್ಕೋತಾರೆ? ನಡಿ ನಡಿ."

ಒಂದು ಪಂಕ್ತಿ ಎದ್ದಿತು, ಇನ್ನೊಂದು ಕೂತಿತು. ಅವಳ ಹಣೆಯಲ್ಲಿ ಬೆವರು ಕಂಡು ನಾನು ಹತ್ತಿರ ಹೋದೆ. "ಅಕ್ಕಾ, ಏನಾದ್ರೂ ಬಾಯಿಗೆ ಹಾಕ್ಕೋ."

"ಬಡಿಸೋ ಕೈಲಿ ತಿಂತಾರೇನೇ? ಇದೊಂದು ಪಂಕ್ತಿ ಎದ್ದೇಳ್ಲಿ."

ಆ ಪಂಕ್ತಿ ಏಳಲಿಲ್ಲ. ಅದಕ್ಕೆ ಮೊದಲೇ ಅಕ್ಕ ಎಲೆಗಳ ನಡುವೆ ಬಿದ್ದಳು. ಸಾಂಬಾರು ಚೆಲ್ಲಿ ಯಾರದೋ ಪಂಚೆ ಹಾಳಾಯಿತು. ನಾನು ಸಕ್ಕರೆ ನೀರಿಗೆ ಕೂಗಿಕೊಳ್ಳುತ್ತಿದ್ದರೆ ಜನ ಮೊದಲು ಓಡಿದ್ದು ಆ ಪಂಚೆಯ ಕಡೆಗೆ. ಪುಣ್ಯಕ್ಕೆ ಅವಳಿಗೆ ಎಚ್ಚರ ಪೂರ್ತಿ ತಪ್ಪಿರಲಿಲ್ಲ. ಗುಟುಕು ಗುಟುಕಾಗಿ ಕುಡಿಸಿದೆ. ಸುತ್ತ ನಿಂತವರದು ಒಂದೇ ಮಾತು: "ಸೂಜಿ ತಗೊಂಡಿದ್ಲಂತೆ, ಅದ್ಕೇ ಬಿದ್ಲು." ಅವಳು ಹಸಿದಿದ್ದಳು ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ನಾನು ಹೇಳಿದೆ. ಕೇಳಿಸಿಕೊಳ್ಳದವರಂತೆ ಮುಂದಿನ ಪಂಕ್ತಿಗೆ ಎಲೆ ಹಾಕಿದರು.

"ಆ ಸೂಜಿ ಇನ್ನು ನಮ್ಮನಿಗೆ ಬ್ಯಾಡ" ಎಂದು ಅತ್ತೆ ಅಲ್ಲೇ ತೀರ್ಮಾನ ಮಾಡಿದರು. ಭಾವ ಹೂಂಗುಟ್ಟಿದರು. ಎಲ್ಲಿಂದಲೋ ಒಂದು ಬೇರಿನ ಪುಡಿ ತಂದುಕೊಟ್ಟರು. ನಾನು ಫೋನಿನಲ್ಲಿ ಅಕ್ಕನಿಗೆ ಬೈದೆ.

"ನಂಗೂ ಹೆದ್ರಿಕೆ ಐತೆ ಕಣೇ" ಎಂದಳು. "ಒಬ್ಳೇ ಇದ್ದಾಗ ಹಂಗಾದ್ರೆ ಒಲೆ ಮ್ಯಾಲೇ ಬೀಳ್ತೀನಿ. ಬಿದ್ದು ಸಾಯೋದಕ್ಕಿಂತ ಶುಗರ್ ಇದ್ರೆ ಇರ್ಲಿ."

ಚಪ್ಪಲಿ ಕಚ್ಚಿದ ಒಂದು ಸಣ್ಣ ಗಾಯ ಮಾಯಲೇ ಇಲ್ಲ. ಕಿರುಬೆರಳು ಕಪ್ಪಾದ ಮೇಲೆ ದಾವಣಗೆರೆಯ ಒಂದು ಆಸ್ಪತ್ರೆಗೆ ಕರೆತಂದರು. ಸುದ್ದಿ ತಿಳಿದು ನಾನೂ ಅಲ್ಲಿಗೆ ಹೋದೆ. ಡಾಕ್ಟರು ಕಾಲು ನೋಡಿ ಸಿಡುಕಿದರು. "ನಿಮ್ಮಂಥೋರಿಗೆ ಎಷ್ಟು ಹೇಳಿದ್ರೂ ಅಷ್ಟೇ. ಔಷಧಿ ಬಿಡ್ತೀರಿ, ಕೊಳೆತ ಮೇಲೆ ಬರ್ತೀರಿ." ಪಕ್ಕದಲ್ಲಿದ್ದ ಭಾವ ದನಿಗೂಡಿಸಿದರು: "ಅದ್ನೇ ನಾನೂ ಹೇಳೋದು ಸಾರ್, ಮಾತೇ ಕೇಳಲ್ಲ."

"ಇವಳು ಎಷ್ಟು ಹೊತ್ತಿಗೆ ಊಟ ಮಾಡ್ತಾಳೆ ಅಂತ ನಿಮ್ಮಲ್ಲಿ ಯಾವ ಡಾಕ್ಟ್ರಾದ್ರೂ ಕೇಳಿದ್ದೀರಾ ಸಾರ್?" ಎಂದೆ ನಾನು.

"ಅದು ನಿಮ್ಮ ಮನೆ ವಿಷಯಮ್ಮ" ಎಂದು ಅವರು ಮುಂದಿನ ರೋಗಿಯನ್ನು ಕರೆದರು.

ಬೆರಳು ತೆಗೆದರು. ನಾನು ಯಾರ ಒಪ್ಪಿಗೆಗೂ ಕಾಯದೆ ಅಕ್ಕನನ್ನು ಹೊನ್ನಾಳಿಗೆ ಕರೆದುಕೊಂಡು ಬಂದೆ. ಇನ್ಸುಲಿನ್ ಮತ್ತೆ ಶುರುವಾಯಿತು. ಮೊದಮೊದಲು ತಟ್ಟೆಯ ಮುಂದೆ ಕೂತರೂ ನನ್ನ ಗಂಡ ಒಳಗೆ ಬಂದ ಕೂಡಲೇ ಬಡಿಸಲು ಏಳುತ್ತಿದ್ದಳು. ನನ್ನವರೇ ಗದರಿ ಕೂರಿಸುತ್ತಿದ್ದರು. ನಮ್ಮ ಮನೆಯಲ್ಲಿ ಬೇರೆ ಏನೂ ಪವಾಡ ನಡೆಯಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಅಷ್ಟೇ. ಶುಗರ್ ಇಳಿಯಿತು, ಗಾಯ ಮಾಯಿತು.

ಭಾವ ಕರೆದೊಯ್ಯಲು ಬಂದಾಗ ನಾನು ಬಾಗಿಲಲ್ಲೇ ಜಗಳ ತೆಗೆದೆ. ಅವರು ನಿಜಕ್ಕೂ ಬೆರಗಾದರು. "ಮೊದ್ಲು ಉಣ್ಬ್ಯಾಡ ಅಂತ ಯಾರ್ ಅಂದಿದ್ರು? ನಾನು ಅಂದೀನಾ, ನಮ್ಮವ್ವ ಅಂದಾಳಾ?"

ನಿಜವಾಗಿಯೂ ಯಾರೂ ಅಂದಿರಲಿಲ್ಲ. ಒಳಗಿಂದ ಅಕ್ಕ ಕುಂಟುತ್ತಾ ಬಂದಳು.

"ಬ್ಯಾಡ ಅಂತ ಯಾರೂ ಅಂದಿಲ್ರಿ. ಉಣ್ಣು ಅಂತಾನೂ ಯಾರೂ ಅಂದಿಲ್ಲ. ಇನ್ಮ್ಯಾಲೆ ಸೂಜಿ ತಗೊಂಡ ಮ್ಯಾಲೆ ನಾನು ಉಣ್ತೀನಿ. ಯಾರು ಕಾಯ್ಕೊಂಡು ಕೂತಿದ್ರೂ ಸೈ."

ಗಂಡನ ಮನೆಗೆ ಹೋಗಿ ಹಾಗೆಯೇ ಮಾಡಿದಳು. ಅತ್ತೆ ಕೆಲವು ದಿನ ಮಾತು ಬಿಟ್ಟರು, ಮತ್ತೆ ಆಡಿದರು. ಮನೆ ಏನೂ ಮುಳುಗಿ ಹೋಗಲಿಲ್ಲ. ಇಷ್ಟು ಸುಲಭವಾಗಿ ಆಗುವುದಿತ್ತಲ್ಲ ಎಂಬುದೇ ನನ್ನ ಹೊಟ್ಟೆಯಲ್ಲಿ ಕೆಂಡದಂತೆ ಕೂತಿದೆ.

ಮೊನ್ನೆ ಒಂದು ಮದುವೆಯಲ್ಲಿ ಅಕ್ಕ ಮೊದಲ ಪಂಕ್ತಿಯಲ್ಲಿ ಕೂತಿದ್ದಳು. ನನ್ನ ಪಕ್ಕದ ಹೆಂಗಸು ಭಾವನ ಕಡೆ ನೋಡಿ ಮೆಚ್ಚಿಕೊಂಡಳು: "ಗಂಡ ಅಂದ್ರೆ ಹಿಂಗಿರ್ಬೇಕು ನೋಡ್ರಿ. ಹೆಂಡ್ತೀನ ತಾನೇ ಮೊದ್ಲು ಉಣ್ಣಾಕೆ ಬಿಡ್ತಾನೆ." ಭಾವನಿಗೆ ಅದು ಕೇಳಿಸಿತು. ಸಂಕೋಚದಿಂದೆಂಬಂತೆ ನಕ್ಕರು. ನಾನು ಎದ್ದು ಹೊರಗೆ ಬಂದೆ. ಅಲ್ಲೇ ಕೂತಿದ್ದರೆ ಆ ಮದುವೆಮನೆಯಲ್ಲಿ ಏನು ಕೂಗಾಡುತ್ತಿದ್ದೆನೋ.