ಚಿದ್ರಿ ಓಣಿಯಲ್ಲಿ ನನ್ನ ಡ್ರಮ್ಮು

“ಮೆಮರಿಗೂ ಬರಗಾಲ ಬಂದಿದೆಯೇನ್ರೀ?”

ಹೀಗಂತ ಕೇಳಿದವರು ನನ್ನ ಮ್ಯಾನೇಜರ್. ವಿಡಿಯೋ ಕಾಲ್‌ನಲ್ಲಿ, ಎಲ್ಲರ ಮುಂದೆ. ಬೀದರಿನ ಚಿದ್ರಿಯ ಮನೆಯಲ್ಲಿ ಕೂತು ನಾನು ಮಾಡುವ ಕೆಲಸ ಇಷ್ಟೇ: ತಂತಿಯಲ್ಲಿ ಹೊರಟ ಸಿಗ್ನಲ್ ಆ ತುದಿ ಮುಟ್ಟುವಾಗ ಎಷ್ಟು ಕೆಟ್ಟಿರುತ್ತದೆ ಎಂದು ಮೊದಲೇ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವುದು. (ಮನೆಯವರಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ.) ಬರುವ ಡೇಟಾ ತುಂಬಿಸಿಕೊಳ್ಳಲು ಮೆಮರಿಯಲ್ಲಿ ಮುಂಚೆಯೇ ಜಾಗ ಹಿಡಿದಿಡಬೇಕು. ಅದಕ್ಕೆ ಬಫರ್ ಅನ್ನುತ್ತಾರೆ. ವಾರಕ್ಕೊಮ್ಮೆ ನೀರಿನ ಟ್ಯಾಂಕರ್ ಕಾಣುವ ಮನುಷ್ಯ ನಾನು, ಕೈ ಬಿಗಿ ಹಿಡಿದು ಚಿಕ್ಕದೇ ಇಟ್ಟಿದ್ದೆ. ಗಿರಾಕಿ ಪ್ರೋಗ್ರಾಂಗೆ ಉದ್ದನೆಯ ತಂತಿಯ ಲೆಕ್ಕ ಕೊಟ್ಟು ನೋಡಿದ. ಡೇಟಾ ಉಕ್ಕಿ ಹರಿದು ಅವನ ಇಡೀ ಸಾಫ್ಟ್‌ವೇರ್ ಮಗುಚಿಕೊಂಡಿತು.

“ದೊಡ್ಡದಿಡಿ. ಯಾವಾಗಲೂ ದೊಡ್ಡದೇ ಇಡಿ!” ಅಂದರು ಮ್ಯಾನೇಜರ್.

ಇಟ್ಟೆ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಮಾತು ತಲೆಗೇರಿತ್ತಲ್ಲ, ಸೀದಾ ಅಂಗಡಿಗೆ ಹೋಗಿ ಇದ್ದುದರಲ್ಲೇ ದೊಡ್ಡ ಡ್ರಮ್ಮು ತಂದೆ. ನಮ್ಮ ಓಣಿಯ ಕಾನೂನು ಏನು? ಟ್ಯಾಂಕರ್ ಬಂದಾಗ ಮನೆಗೊಂದೇ ಪಾತ್ರೆ. ಎಷ್ಟು ದೊಡ್ಡದು ಅಂತ ಯಾರಾದರೂ ಹೇಳಿದ್ದಾರಾ? ಡಾಬಕಾ ಹಳ್ಳಿಯಲ್ಲಿ ಬಾವಿ ಬತ್ತಿ, ಹೆಂಡತಿಯ ಅಣ್ಣ ಸಂಸಾರ ಸಮೇತ ಅವತ್ತೇ ನಮ್ಮಲ್ಲಿಗೆ ಬರುವವನಿದ್ದ. ಅವರಿಗೆಲ್ಲ ನೀರು ಬೇಡವೇ?

ಪೈಪು ಓಣಿಯಲ್ಲಿ ಇಟ್ಟಿದ್ದ ಡ್ರಮ್ಮಿಗೆ ಇಳಿಯಿತು. ಓಣಿ ಕಣ್ಣು ಕೆಂಪಗೆ ಮಾಡಿ ನೋಡಿತು. ಕಂಠಮಟ್ಟ ತುಂಬಿಸಿ ಟ್ಯಾಂಕರ್ ಹೊರಟಿತು. ನನಗೆ ಎಂಥಾ ಖುಷಿ ಅಂತೀರಿ!

ಮನೆಯೊಳಗೆ ಒಯ್ಯೋಣವೆಂದು ಎತ್ತಲು ಹೋದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ನಮ್ಮ ಓಣಿಗೆ ಇನ್ನೊಂದು ಕಾನೂನೂ ಇದೆ (ಹುರುಪಿನಲ್ಲಿ ಮರೆತಿದ್ದೆ). ಎದುರುಮನೆ ಶಾಂತಮ್ಮ ಚೊಂಬಿನಂಥ ಚೆರಗಿ ಹಿಡಿದು ಬಂದೇಬಿಟ್ಟರು. “ಟ್ಯಾಂಕರ್ ಹೋದ್ಮ್ಯಾಲ ಓಣ್ಯಾಗ ನಿಂತ ನೀರು ಓಣೀದುರಿ ಸಾಹೇಬ್ರ. ನಿಮಗ ಗೊತ್ತಿಲ್ಲೇನ್ರಿ?” ಅವರ ಹಿಂದೆಯೇ ಕೊಡ, ಬಕೆಟ್, ಕಡೆಗೆ ಯಾರದೋ ಕುಕ್ಕರ್! ಹೆಂಡತಿ ಕೊಡ ಹಿಡಿದು ಓಡಿ ಬರುವಷ್ಟರಲ್ಲಿ ಡ್ರಮ್ಮಿನ ತಳ ಕಾಣುತ್ತಿತ್ತು.

“ಇಷ್ಟ್ ದೊಡ್ಡದು ತರೂಕಿಂತ ಮದಲ, ಎತ್ತಾವ್ರು ಯಾರಂತ ಕೇಳ್ಬೇಕಿಲ್ರಿ? ಈಗ ಅಣ್ಣಾಗ ಏನ್ ಹೇಳ್ಲಿ? ಅಲ್ಲೇ ಮಾರಿ ತೊಳ್ಕೊಂಡ್ ಬಾ ಅಂತ ಫೋನ್ ಹಚ್ಲೇನು?”

ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲ್ ಟಿಣ್ ಅಂತು. ಮ್ಯಾನೇಜರ್ ಮೆಸೇಜು: “ಹೊಸ ಬಫರ್ ಹೇಗಿದೆ? ಎಲ್ಲಾ ಹಿಡಿಸ್ತಾ?”

“ಹಿಡಿಸ್ತು ಸರ್. ಎತ್ತೋಕೆ ನೀವು ಯಾವಾಗ ಬರ್ತೀರಿ?”