ತಾತನ ಜೇಬಿನ ರೋಟರ್

ಚಳ್ಳಕೆರೆಯ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಯವರು ಇವತ್ತು ಒಂದು ತಗಡಿನ ಡಬ್ಬಿ ತೆಗೆದರು. ಪೆಟ್ರೋಲು, ಸುಟ್ಟ ವೈರು ಬೆರೆತ ವಾಸನೆ ಬಂತು. ಅದು ನನ್ನ ತಾತನ ಅಂಗಿಯ ವಾಸನೆ.

ನಮ್ಮೂರು ನನ್ನಿವಾಳದಲ್ಲಿ ತಾತ ಕಾರು ನಿಲ್ಲಿಸಿದಾಗಲೆಲ್ಲ ಬಾನೆಟ್ ಎತ್ತಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಹೆಬ್ಬೆರಳಿನಷ್ಟು ರೋಟರನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅವನಿಗೆ ಊರೆಲ್ಲ ಕಳ್ಳರೇ. "ಇದಿಲ್ದೆ ಯಾವನೂ ಸ್ಟಾರ್ಟ್ ಮಾಡಕಾಗಲ್ಲ ಕಣವ್ವ," ಅನ್ನುತ್ತಿದ್ದ. ಒಮ್ಮೆ ನಾನು ಕೈವಾರದ ಮೊನೆಯಿಂದ ಅದರ ಮೇಲೆ 'ಗೌ' ಎಂದು ಗೀಚಿದ್ದೆ. ನನ್ನ ಹೆಸರು ಗೌರಿ. ತಾತ ಬೈಯಲಿಲ್ಲ.

ತಾತ ಸತ್ತಾಗ ತೊಟ್ಟ ಅಂಗಿಯಲ್ಲೇ ಹೊಲದಲ್ಲಿ ಮಣ್ಣು ಮಾಡಿದರು. ಮೂರನೇ ದಿನ ಹಾಲುತುಪ್ಪದ ಸಾಮಾನು ತರಲು ಅಪ್ಪ ಹೊರಟರೆ ಕಾರು ಸ್ಟಾರ್ಟ್ ಆಗಲಿಲ್ಲ. "ಅದು ಅವ್ರ ಜೇಬಿನಾಗೇ ಹೋತಲ್ಲೋ," ಎಂದಳು ಅಜ್ಜಿ. ಗುಂಡಿ ಕೆದಕುವ ಮಾತು ಯಾರೂ ಆಡಲಿಲ್ಲ. ಕಾರು ಅಂದಿನಿಂದ ಕೊಟ್ಟಿಗೆಯಲ್ಲೇ ನಿಂತಿದೆ.

ಅದನ್ನು ಓಡಿಸಿಯೇ ತೀರುತ್ತೇನೆಂದು ಈ ವರ್ಷ ನಾನು ಹಟ ಹಿಡಿದೆ. ಮೊಳಕಾಲ್ಮುರಿನ ಗ್ಯಾರೇಜುಗಳನ್ನೆಲ್ಲ ಸುತ್ತಿ ಕೊನೆಗೆ ಈ ಅಂಗಡಿಗೆ ಬಂದಿದ್ದೆ. ಅಂಗಡಿಯವರು ಡಬ್ಬಿ ತಡಕಿ ಒಂದು ರೋಟರನ್ನು ನನ್ನ ಅಂಗೈಯಲ್ಲಿಟ್ಟರು. ಅದರ ಮೇಲೆ 'ಗೌ' ಎಂದಿತ್ತು. ಗೀಚಿದ ಗೆರೆಗಳ ತುಂಬ ಕೆಂಪು ಮಣ್ಣು, ಇನ್ನೂ ಹಸಿಯಾಗಿತ್ತು.

"ಇದು ಬ್ಯಾಡ್ರಿ, ಬೇರೆ ಕೊಡ್ರಿ," ಅಂದೆ.

"ಬೇರೆ ಎಲ್ಲೈತವ್ವ? ನಿಮ್ಮ ಕಾರಿಗೆ ಆಗೋದು ಇದೊಂದೇ."